ಮಡಿಸೋ ಟ್ರೆಡ್‌ಮಿಲ್ ತರೋ ಮುಂಚೆ: ದೊಡ್ಡಪ್ಪನ ಕಿವಿಮಾತು

ಮಗಳೇ, ನೀನು ಕಳಿಸಿದ ಮೂರು ಟ್ರೆಡ್‌ಮಿಲ್‌ಗಳ ವಿವರವನ್ನೂ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದೆ. ಮೂರಕ್ಕೂ ದೊಡ್ಡ ಬೆಲೆ ಬರೆದು, ಅದಕ್ಕೆ ಗೀಟು ಹಾಕಿ, ಪಕ್ಕದಲ್ಲಿ ಅರ್ಧ ಬೆಲೆ ಬರೆದಿದ್ದಾರೆ. ಗೀಟು ಹಾಕಿದ ಬೆಲೆಯನ್ನು ಲೆಕ್ಕಕ್ಕೇ ತಗೋಬೇಡ. ಕೊನೆಗೆ ನಿನ್ನ ಕೈಯಿಂದ ಹೋಗೋದು ಇಪ್ಪತ್ತು, ಇಪ್ಪತ್ತೈದು ಸಾವಿರ. ಆ ದುಡ್ಡಿಗೆ ಸಿಗೋದು ನಡೆಯೋ ಯಂತ್ರ, ಓಡೋ ಯಂತ್ರವಲ್ಲ. ಇದನ್ನು ಒಪ್ಪಿಕೊಂಡು ಕೊಂಡರೆ ಅದರಷ್ಟು ಉಪಯೋಗದ ಸಾಮಾನು ಇನ್ನೊಂದಿಲ್ಲ. ಓಡೋ ಆಸೆಗೆ ಕೊಂಡರೆ ವರ್ಷದೊಳಗೆ ಮೋಟರ್ ಸುಟ್ಟ ವಾಸನೆ ಮನೆಯಲ್ಲಿ ಬರುತ್ತೆ. ನಾನು ಮೋಟರ್ ರಿವೈಂಡಿಂಗ್ ಮಾಡಿಕೊಂಡೇ ಬದುಕಿದವನು, ಹಾಗಾಗಿ ಯಂತ್ರದ ಮೇಲಿನ ಬಣ್ಣಕ್ಕಿಂತ ಕವರಿನ ಕೆಳಗಿರೋದರ ಮಾತೇ ಜಾಸ್ತಿ ಬರುತ್ತೆ. ಬೇಜಾರು ಮಾಡ್ಕೋಬೇಡ.

• ಮೊದಲು ಯಾರ‍್ಯಾರು ಹತ್ತುತ್ತಾರೆ ಅಂತ ಒಂದು ಚೀಟಿಯಲ್ಲಿ ಬರಿ. ನೀನು, ಅಳಿಯಂದಿರು, ನಿಮ್ಮತ್ತೆ. ಮೂವರ ತೂಕವನ್ನೂ ಬರಿ. ನಿಮ್ಮಲ್ಲಿ ಜಾಸ್ತಿ ತೂಕ ಯಾರದ್ದೋ ಅದಕ್ಕೆ ಇನ್ನೊಂದು 20 ಕಿಲೋ ಸೇರಿಸು. ‘ಗರಿಷ್ಠ ತೂಕ’ ಅಂತ ಅವರು ಬರೆದಿರೋ ಅಂಕಿ ಅಷ್ಟಾದರೂ ಇರಬೇಕು. 88 ಕಿಲೋ ಆಳಿಗೆ 90 ಕಿಲೋ ಯಂತ್ರ ಸಾಲದು. ಹೆಜ್ಜೆ ಊರಿದಾಗ ಬೀಳೋ ಭಾರ ತಕ್ಕಡಿಯಲ್ಲಿ ಕಾಣೋ ಭಾರಕ್ಕಿಂತ ಹೆಚ್ಚು. ಭಾರ ಹೆಚ್ಚಿದಷ್ಟೂ ಬೆಲ್ಟು ಹಲಗೆಗೆ ಒತ್ತಿಕೊಂಡು ಉಜ್ಜುತ್ತೆ, ಉಜ್ಜಿದಷ್ಟೂ ಮೋಟರ್ ಕರೆಂಟು ಎಳೆಯುತ್ತೆ, ಬಿಸಿಯಾಗುತ್ತೆ.

• ನಿಮ್ಮತ್ತೆಯವರ ವಿಷಯ ಬೇರೆಯೇ ಹೇಳಬೇಕು. ಮಂಡಿ ನೋವಿದೆ, ಬಿಪಿ ಇದೆ ಅಂದೆಯಲ್ಲ, ಯಂತ್ರ ತರೋಕೆ ಮುಂಚೆ ಅವರ ಡಾಕ್ಟರನ್ನು ಒಂದು ಮಾತು ಕೇಳು. ಅವರು ಹಿಡಿದುಕೊಂಡು ನಡೆಯೋದಕ್ಕೆ ಎರಡೂ ಪಕ್ಕ ಉದ್ದನೆಯ ಹಿಡಿಕೆ ಬೇಕು. ಮುಂದುಗಡೆ ಗೇಣುದ್ದದ ಕೊಂಬು ಬಿಟ್ಟರೆ ಬೇರೇನೂ ಇಲ್ಲದ ಮಾಡೆಲ್ ಅವರಿಗೆ ಬೇಡ. ವೇಗ ಗಂಟೆಗೆ 1 ಕಿಲೋಮೀಟರಿನಿಂದ ಶುರುವಾಗಬೇಕು. ಇನ್ನೊಂದು ಸಂಗತಿ ಅಂಗಡಿಯವರು ಹೇಳೋದಿಲ್ಲ: ಡಿಸಿ ಮೋಟರಿಗೆ ತುಂಬಾ ನಿಧಾನವೇ ಕಷ್ಟ. ನಿಧಾನವಾಗಿ ತಿರುಗೋವಾಗ ಅದರ ಬಾಲದಲ್ಲಿರೋ ಫ್ಯಾನೂ ನಿಧಾನ, ಗಾಳಿ ಸಾಲದು, ಮೇಲೆ ಭಾರ ಮಾತ್ರ ಅಷ್ಟೇ. ಅವರು ಹತ್ತು ನಿಮಿಷ ನಡೆದು, ಇಳಿದು ಕೂತು, ಮತ್ತೆ ಹತ್ತು ನಿಮಿಷ ನಡೆಯಲಿ. ಅವರಿಗೂ ಒಳ್ಳೇದು, ಮೋಟರಿಗೂ ಒಳ್ಳೇದು.

• ಈಗ ಎಚ್‌ಪಿ ಪುರಾಣ. ಇಲ್ಲಿ ಸ್ವಲ್ಪ ಲೆಕ್ಕ ಬರುತ್ತೆ, ತಪ್ಪಿಸಿಕೊಂಡು ಓಡಬೇಡ. ನಿನ್ನ ಪಟ್ಟಿಯ ಮೊದಲನೇದರಲ್ಲಿ ‘4 ಎಚ್‌ಪಿ ಪೀಕ್’ ಅಂತ ದಪ್ಪ ಅಕ್ಷರದಲ್ಲಿದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ನಾಲ್ಕಕ್ಕೆ 2,984 ವ್ಯಾಟ್. ನಮ್ಮ ಮನೆಯ 230 ವೋಲ್ಟಿಗೆ ಅದು ಸುಮಾರು 13 ಆಂಪಿಯರ್. ಆದರೆ ಫೋಟೊ ದೊಡ್ಡದು ಮಾಡಿ ನೋಡಿದೆ, ಅದರ ಪ್ಲಗ್ಗು ಮಿಕ್ಸಿಯದರಂಥ 6 ಆಂಪಿಯರಿನ ಸಣ್ಣ ಪಿನ್ನಿನದು. ಆ ಪ್ಲಗ್ಗಿನಲ್ಲಿ ಹೆಚ್ಚಂದರೆ 1,380 ವ್ಯಾಟ್ ಹೋಗುತ್ತೆ, ಅಂದರೆ ಎರಡು ಎಚ್‌ಪಿಗೂ ಕಮ್ಮಿ. ಗೋಡೆಯಿಂದ ಬಾರದ ಶಕ್ತಿ ಮೋಟರಿನಿಂದ ಹೇಗೆ ಬರುತ್ತೆ? ಪೀಕ್ ಅನ್ನೋದು ಮೋಟರ್ ಒಂದು ಕ್ಷಣ ಏದುಸಿರು ಬಿಟ್ಟು ಎಳೆಯಬಲ್ಲ ಅಂಕಿ. ನಿನಗೆ ಬೇಕಾದ್ದು ‘ಕಂಟಿನ್ಯುಯಸ್’ ಅಂಕಿ, ಅಂದರೆ ಅರ್ಧ ಗಂಟೆ ಬಿಡದೆ ಎಳೆಯಬಲ್ಲ ಶಕ್ತಿ. ನಡಿಗೆಗೆ ಒಂದೂಕಾಲು ಎಚ್‌ಪಿ ನಿಜವಾಗಿ ಇದ್ದರೆ ಸಾಕು. ಸಣ್ಣ ಓಟಕ್ಕೆ ಎರಡು ಬೇಕು. ದಿನಾ ಓಡೋರಿಗೆ ಎರಡೂವರೆ, ಮೂರು.

• ಆ ನಿಜವಾದ ಅಂಕಿ ಎಲ್ಲಿ ಸಿಗುತ್ತೆ ಅಂತೀಯಾ? ಮೋಟರಿನ ಮೈಮೇಲೆ. ಮುಂದಿನ ಕಪ್ಪು ಕವರಿಗೆ ನಾಲ್ಕಾರು ಸ್ಕ್ರೂ ಇರುತ್ತೆ. ಅಂಗಡಿಯಲ್ಲಿ ತೋರಿಸೋಕೆ ಇಟ್ಟ ಯಂತ್ರದ್ದಾದರೆ ಬಿಚ್ಚಿ ತೋರಿಸಪ್ಪಾ ಅಂತ ಕೇಳು, ಒಳ್ಳೇ ಅಂಗಡಿಯವನು ತೋರಿಸುತ್ತಾನೆ. ಮೋಟರಿಗೆ ಅಂಟಿಸಿದ ಚೀಟಿಯಲ್ಲಿ ‘ಡಿಸಿ 180 ವೋಲ್ಟ್, 5 ಆಂಪಿಯರ್’ ಅನ್ನೋ ಥರ ಬರೆದಿರುತ್ತಾರೆ. ಎರಡನ್ನೂ ಗುಣಿಸು: 900 ವ್ಯಾಟ್. 746ರಿಂದ ಭಾಗಿಸು: 1.2 ಎಚ್‌ಪಿ. ಒಳಗೆ ಹೋಗೋ ಕರೆಂಟಿನ ಲೆಕ್ಕ ಇದು, ಹೊರಗೆ ಬರೋದು ಇನ್ನೂ ಸ್ವಲ್ಪ ಕಮ್ಮಿ. ಡಬ್ಬದ ಮೇಲೆ ನಾಲ್ಕು, ಮೈಮೇಲೆ ಒಂದೂ ಚಿಲ್ಲರೆ. ಆನ್‌ಲೈನಿನಲ್ಲಿ ಕೊಳ್ಳೋದಾದರೆ ಕಂಪನಿಯವರಿಗೆ ಫೋನು ಮಾಡಿ ಈ ಚೀಟಿಯ ಫೋಟೊ ಕೇಳು. ಕಳಿಸದೆ ಸುತ್ತಿ ಬಳಸಿ ಮಾತಾಡಿದರೆ ಆ ಮಾಡೆಲ್ ಪಟ್ಟಿಯಿಂದ ತೆಗೆ.

• ಬೆಲ್ಟಿನ ಅಳತೆ. ಜಾಹೀರಾತಿನಲ್ಲಿ ಇಡೀ ಯಂತ್ರದ ಅಗಲ ಬರೆದಿರುತ್ತಾರೆ. ನಿನಗೆ ಬೇಕಾದ್ದು ಪಕ್ಕದ ಪ್ಲಾಸ್ಟಿಕ್ ಪಟ್ಟಿ ಬಿಟ್ಟು, ಬರೀ ತಿರುಗೋ ಬೆಲ್ಟಿನ ಅಗಲ. 40 ಸೆಂಟಿಮೀಟರಿಗಿಂತ ಕಮ್ಮಿ ಬೇಡ. ಕಮ್ಮಿಯಾದರೆ ಕಾಲು ಎಲ್ಲಿ ಪಟ್ಟಿಗೆ ತಾಗುತ್ತೋ ಅಂತ ಕೆಳಗೆ ನೋಡಿಕೊಂಡೇ ನಡೆಯಬೇಕು, ಕತ್ತು ಹಿಡಿಯುತ್ತೆ. ಉದ್ದ ನಿನ್ನ ಎತ್ತರಕ್ಕೆ 110 ಸೆಂಟಿಮೀಟರ್ ನಡೆಯುತ್ತೆ. ಅಳಿಯಂದಿರು ಆರಡಿ ಹತ್ತಿರ ಇದ್ದಾರೆ, ಅವರ ದಾಪುಗಾಲಿಗೆ 120 ಇರಲಿ.

• ಯಂತ್ರದ ಸ್ವಂತ ತೂಕ ನೋಡು. ಎಲ್ಲರೂ ಹಗುರ ಅಂತ ಖುಷಿ ಪಡ್ತಾರೆ. ಮಡಿಸಿ ಎತ್ತೋಕೆ ಹಗುರ ಸರಿ, ಆದರೆ 25 ಕಿಲೋ ಯಂತ್ರದ ಮೇಲೆ 80 ಕಿಲೋ ಮನುಷ್ಯ ಚುರುಕಾಗಿ ನಡೆದರೆ ಅದು ಅಲುಗಾಡುತ್ತೆ. ನಲವತ್ತರ ಆಸುಪಾಸು ಇದ್ದರೆ ನೆಲಕ್ಕೆ ಕೂತಿರುತ್ತೆ. ಡಬ್ಬ ನಿಮ್ಮ ಲಿಫ್ಟಿನೊಳಗೆ ಹಿಡಿಸುತ್ತಾ ಅಂತಲೂ ಅಳೆದುಕೋ. ಡೆಲಿವರಿ ಹುಡುಗರು ಗೇಟಿನ ಹತ್ತಿರ ಇಳಿಸಿ ಹೋದರೆ ಮೂರನೇ ಮಹಡಿಗೆ ಹೊರೋರು ಯಾರು?

• ಮಡಿಸೋದರಲ್ಲಿ ಎರಡು ಜಾತಿ. ಒಂದರಲ್ಲಿ ಬೆಲ್ಟಿನ ಹಲಗೆ ಮೇಲಕ್ಕೆದ್ದು ಹಿಡಿಕೆಗೆ ಒರಗಿ ನಿಲ್ಲುತ್ತೆ. ಇನ್ನೊಂದರಲ್ಲಿ ಹಿಡಿಕೆಯೇ ಹಲಗೆಯ ಮೇಲೆ ಮಲಗುತ್ತೆ, ಇಡೀ ಯಂತ್ರವನ್ನು ಮಂಚದ ಕೆಳಗೆ ನೂಕಬಹುದು. ಮೊದಲನೇದರಲ್ಲಿ ಹಲಗೆ ಎತ್ತೋದಕ್ಕೆ ಗ್ಯಾಸ್ ತುಂಬಿದ ರಾಡ್ ಇದೆಯಾ ನೋಡು. ಇಲ್ಲದಿದ್ದರೆ ಇಳಿಸೋವಾಗ ಕೈ ಜಾರಿ ಧಡಾರನೆ ಬೀಳುತ್ತೆ, ಕೆಳಗಡೆ ಮನೆಯವರು ಮೇಲೆ ಬರ‍್ತಾರೆ. ಎರಡನೇದರಲ್ಲಿ ದಪ್ಪ ಅಳೆ. ಮಂಚದ ಕೆಳಗೆ ಎಷ್ಟು ಜಾಗ ಇದೆ ಅಂತ ಟೇಪು ಹಿಡಿದು ನೋಡು. ಈಗಿನ ಮಂಚಗಳಿಗೆ ಕೆಳಗೆಲ್ಲ ಸ್ಟೋರೇಜ್ ಡಬ್ಬ, ಪೊರಕೆ ಕಡ್ಡಿಯೂ ಹೋಗಲ್ಲ! ಮಡಿಸಿದ ಮೇಲೆ ಜಾಗ ಎಷ್ಟು ಉಳಿಯುತ್ತೆ ಅಂತ ಮಾತ್ರ ನೋಡಿದರೆ ಸಾಲದು, ದಿನಾ ಮಡಿಸೋದು ಯಾರು ಅಂತಲೂ ಕೇಳಿಕೋ. ನಿಮ್ಮತ್ತೆಯವರಿಂದ ಅದು ಆಗಲ್ಲ. ಅವರು ಹಗಲಲ್ಲಿ ನಡೆಯೋದಾದರೆ ಯಂತ್ರ ಹಗಲೆಲ್ಲ ಬಿಚ್ಚೇ ಇರುತ್ತೆ ಅಂತ ಲೆಕ್ಕ ಹಾಕಿಕೊಂಡೇ ಜಾಗ ಹುಡುಕು.

• ಬಿಚ್ಚಿಟ್ಟಾಗ ಹಿಂದುಗಡೆ ಎರಡು ಮೀಟರ್, ಪಕ್ಕಗಳಲ್ಲಿ ಅರ್ಧರ್ಧ ಮೀಟರ್ ಖಾಲಿ ಬಿಡಬೇಕು. ಜಾರಿದವರನ್ನು ಬೆಲ್ಟು ಹಿಂದಕ್ಕೆ ಎಸೆಯುತ್ತೆ. ಅಲ್ಲಿ ಗೋಡೆಯೋ ಶೋಕೇಸಿನ ಗಾಜೋ ಇರಬಾರದು. ಟಿವಿ ನೋಡಿಕೊಂಡು ನಡೆಯೋಣ ಅಂತ ಬೆನ್ನು ಗೋಡೆಗೆ ತಾಗೋ ಹಾಗೆ ಇಡೋ ಮನೆಗಳೇ ಜಾಸ್ತಿ. ತಲೆ ಮೇಲೂ ನೋಡು. ಬೆಲ್ಟು ನೆಲದಿಂದ ಅರ್ಧ ಅಡಿ ಮೇಲಿರುತ್ತೆ, ಅದರ ಮೇಲೆ ಅಳಿಯಂದಿರು ನಿಂತು ಮೈ ಮುರಿದು ಕೈ ಎತ್ತಿದರೆ ಫ್ಯಾನಿನ ರೆಕ್ಕೆ ಸಿಗಬಾರದು. ಬಾಲ್ಕನಿಯಲ್ಲಿ ಇಡಲೇಬೇಡ. ಮಳೆ ಎರಚಲು, ಧೂಳು ಎರಡೂ ಅದಕ್ಕೆ ಶತ್ರು. ಮಂಗಳೂರು, ಉಡುಪಿ ಕಡೆ ಗಾಳಿಯ ಉಪ್ಪಿಗೆ ರೋಲರುಗಳು ಮನೆಯೊಳಗೇ ತುಕ್ಕು ಹಿಡೀತವೆ, ಬಾಲ್ಕನಿಯಲ್ಲಿಟ್ಟರೆ ಕೇಳಬೇಕಾ?

• ಮಸಾಜರ್, ಸೊಂಟ ತಿರುಗಿಸೋ ತಟ್ಟೆ, ಡಂಬೆಲ್, ಬ್ಲೂಟೂತ್ ಸ್ಪೀಕರ್ ಉಚಿತ ಅಂದರೆ ನಂಬಬೇಡ. ಅದರ ದುಡ್ಡು ಬೆಲ್ಟಿನಿಂದ, ಮೋಟರಿನಿಂದ ಕಿತ್ತಿರುತ್ತಾರೆ. ಪರದೆ ಮೇಲೆ ಬರೋ ಕ್ಯಾಲೊರಿ ಲೆಕ್ಕವೂ ಅಷ್ಟೇ, ನಿನ್ನ ತೂಕವೇ ಕೇಳದ ಯಂತ್ರ ಕರಗಿದ ಕೊಬ್ಬು ಹೇಗೆ ಹೇಳುತ್ತೆ?

• 14 ಕಿಲೋಮೀಟರ್ ವೇಗ ಅಂತ ಎರಡನೇದಕ್ಕೆ ನಾಲ್ಕು ಸಾವಿರ ಜಾಸ್ತಿ ಕೇಳಿದ್ದಾರೆ. ಬೇಡ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ. ಅಂದರೆ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ ಚುರುಕು ನಡಿಗೆ. ಚುರುಕು ನಡಿಗೆ ಅಂದರೆ ಗಂಟೆಗೆ 5ರಿಂದ 6 ಕಿಲೋಮೀಟರ್. ಯಂತ್ರ 8ರವರೆಗೆ ಹೋದರೆ ಧಾರಾಳ.

• ಏರು ಬೇಕಾ ಅಂತ ಕೇಳಿದ್ದೆ. ಈ ಬೆಲೆಯಲ್ಲಿ ಬಟನ್ ಒತ್ತಿದರೆ ಏರೋದು ಸಿಗಲ್ಲ, ಸಿಕ್ಕರೂ ಆ ಸಣ್ಣ ಮೋಟರ್ ಬಾಳಲ್ಲ. ಹಿಂದಿನ ಕಾಲಿನ ಪಿನ್ನು ತೆಗೆದು ಕೈಯಲ್ಲೇ ಮೂರು ಹಂತ ಬದಲಿಸೋದು ಸಿಗುತ್ತೆ, ಅದು ಸಾಕು. ಏರನ್ನು ಕಮ್ಮಿ ಅಂದುಕೋಬೇಡ. ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡೋ ಟಿಎಂಟಿ ಪರೀಕ್ಷೆಯಲ್ಲಿ ಹೆಚ್ಚಾಗಿ ಬಳಸೋ ಬ್ರೂಸ್ ಕ್ರಮದಲ್ಲಿ ಮೊದಲ ಹಂತದ ವೇಗ ಗಂಟೆಗೆ ಬರೀ 2.7 ಕಿಲೋಮೀಟರ್, ಏರು ಮಾತ್ರ ಶೇ 10. ಅಷ್ಟು ನಿಧಾನಕ್ಕೂ ಉಸಿರು ಮೇಲೆ ಬರೋದು ಆ ಏರಿನಿಂದ. ನಿಮ್ಮತ್ತೆಯವರಿಗೆ ಸಮತಟ್ಟೇ ಇರಲಿ.

• ವಾರಂಟಿ ಓದೋ ಕ್ರಮ ಹೀಗೆ. ‘ಫ್ರೇಮಿಗೆ ಜೀವಮಾನ ವಾರಂಟಿ’ ಅನ್ನೋ ಸಾಲು ದಾಟಿಬಿಡು, ಕಬ್ಬಿಣದ ಫ್ರೇಮಿಗೆ ಏನಾಗುತ್ತೆ? ಮೋಟರಿಗೆ ಮೂರು ವರ್ಷ ಅಂದರೆ ಒಳ್ಳೇದು, ಆದರೆ ಅಲ್ಲೂ ನಿಲ್ಲಬೇಡ. ಮೋಟರಿಗಿಂತ ಮುಂಚೆ ಹೋಗೋದು ಅದಕ್ಕೆ ಕರೆಂಟು ಅಳೆದು ಕೊಡೋ ಬೋರ್ಡು. ವೋಲ್ಟೇಜು ಏರಿಳಿದರೆ ಹೋಗುತ್ತೆ, ಎಣ್ಣೆ ಇಲ್ಲದ ಬೆಲ್ಟು ಎಳೆದೂ ಎಳೆದೂ ಹೋಗುತ್ತೆ, ಒಳಗೆ ಹಲ್ಲಿ ಸತ್ತರೂ ಹೋಗುತ್ತೆ. ಬೋರ್ಡಿಗೆ ಎಷ್ಟು ವರ್ಷ, ಆಮೇಲೆ ಹೊಸದಕ್ಕೆ ಎಷ್ಟು ರೂಪಾಯಿ, ಸ್ಟಾಕು ಇದೆಯಾ ಅಂತ ಕೇಳು. ರಿಪೇರಿಗೆ ಮನೆಗೆ ಆಳು ಬರುತ್ತಾನಾ, ಇಲ್ಲಾ ವಿಡಿಯೊ ಕಾಲ್ ಮಾಡಿ ನಿನ್ನ ಕೈಗೇ ಸ್ಕ್ರೂಡ್ರೈವರ್ ಕೊಡುತ್ತಾನಾ ಅನ್ನೋದನ್ನೂ ಈಗಲೇ ಕೇಳು. ಬೆಂಗಳೂರಿನಲ್ಲಿ ಆಳು ಸಿಕ್ಕಾನು. ಶಿವಮೊಗ್ಗದಲ್ಲಿ ನಿಮ್ಮಪ್ಪನಿಗೂ ಒಂದು ಕಳಿಸ್ತೀನಿ ಅಂದೆಯಲ್ಲ, ಅಲ್ಲಿಗೆ ಸರ್ವಿಸ್ ಇದೆಯಾ ಅಂತ ಬೇರೆ ಕೇಳಬೇಕು.

• ಕರೆಂಟು. ಗೀಸರ್, ವಾಷಿಂಗ್ ಮೆಷಿನ್ ಹಾಕೋ 16 ಆಂಪಿಯರ್ ಪಾಯಿಂಟು ಹತ್ತಿರದಲ್ಲಿರೋ ಜಾಗವೇ ಸರಿ. ಎಕ್ಸ್‌ಟೆನ್ಷನ್ ಬಾಕ್ಸು ಬೇಡ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸು, ಬೆವರಿದ ಕೈಯಲ್ಲಿ ಕಬ್ಬಿಣದ ಹಿಡಿಕೆ ಹಿಡಿದು ನಡೆಯೋ ಸಾಮಾನು ಇದು. ಮನೆಯ ಯುಪಿಎಸ್ ಲೈನಿಗಂತೂ ಕೊಡಬೇಡ. ನಡಿಗೆಗೆ ಅರ್ಧ ಕಿಲೋವ್ಯಾಟ್ ಆಸುಪಾಸು ಅಂತ ಇಟ್ಟುಕೊಂಡರೂ ಮೂವರು ದಿನಾ ಅರ್ಧರ್ಧ ಗಂಟೆ ನಡೆದರೆ ದಿನಕ್ಕೆ ಮುಕ್ಕಾಲು ಯೂನಿಟ್, ತಿಂಗಳಿಗೆ 22 ಯೂನಿಟ್ ಚಿಲ್ಲರೆ. ಬಿಲ್ಲು ದೊಡ್ಡದೇನಲ್ಲ. ಆದರೆ ನಿಮಗೆ ಗೃಹಜ್ಯೋತಿ ಇದೆ. ಅದರಲ್ಲಿ ಉಚಿತ ಸಿಗೋದು ವರ್ಷದ ಸರಾಸರಿಯ ಮೇಲೆ ಶೇ 10. ಸರಾಸರಿ 120 ಆಗಿದ್ದರೆ 132ರವರೆಗೆ. ಟ್ರೆಡ್‌ಮಿಲ್ ಬಂದ ತಿಂಗಳು 142 ಆದರೆ ಹೆಚ್ಚಿನ 10 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಬೇಸಿಗೆಯಲ್ಲಿ ಫ್ಯಾನು, ಕೂಲರ್ ಜೊತೆಗೆ ಇದೂ ಸೇರಿದಾಗ ಮೀಟರ್ ಮೇಲೆ ಒಂದು ಕಣ್ಣಿರಲಿ.

• ಪಾಪು ಇರೋ ಮನೆ ನಿಮ್ಮದು. ಇದೊಂದು ಮಾತನ್ನು ಮಾತ್ರ ಮೂರು ಸಲ ಓದು. ಬೆಲ್ಟು ಹಿಂದಿನ ರೋಲರಿನ ಕೆಳಕ್ಕೆ ನುಗ್ಗೋ ಜಾಗ ಇದೆಯಲ್ಲ, ಅಲ್ಲಿಗೆ ಹೋದ ಬೆರಳನ್ನು ಅದು ಎಳಕೊಳ್ಳುತ್ತೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಪೆಲೊಟಾನ್ ಕಂಪನಿ ತನ್ನ ‘ಟ್ರೆಡ್ ಪ್ಲಸ್’ ಯಂತ್ರಗಳನ್ನು, ಸುಮಾರು 1,25,000, ವಾಪಸು ಕರೆಸಿಕೊಂಡಿತು. ಯಂತ್ರದ ಹಿಂಭಾಗಕ್ಕೆ ಸಿಕ್ಕಿ ಆರು ವರ್ಷದ ಮಗು ತೀರಿಕೊಂಡಿತ್ತು. ಅದು ಲಕ್ಷಗಟ್ಟಲೆ ಬೆಲೆಯ ಯಂತ್ರ. ಬೆಲೆ ಹೆಚ್ಚಾದರೆ ಅಪಾಯ ಕಮ್ಮಿ ಅನ್ನೋದಿಲ್ಲ. ನಡೆದು ಮುಗಿಸಿದ ಕೂಡಲೇ ಪ್ಲಗ್ಗು ಕಿತ್ತು, ಕೆಂಪು ಸೇಫ್ಟಿ ಕೀಯನ್ನು ಮಗುವಿಗೆ ಸಿಗದ ಕಡೆ ಇಡು. ಮಡಿಸಿ ನಿಲ್ಲಿಸಿದರೆ ಲಾಕ್ ಬಿದ್ದಿದೆಯಾ ಅಂತ ಕೈಯಲ್ಲಿ ಅಲ್ಲಾಡಿಸಿ ನೋಡು, ಮಗು ಹಿಡಿದು ಎಳೆದರೆ ನಲವತ್ತು ಕಿಲೋ ಮೇಲೆ ಬರುತ್ತೆ.

• ಆ ಸೇಫ್ಟಿ ಕೀಯ ದಾರದ ಕ್ಲಿಪ್ಪು ಇರೋದು ಬಟ್ಟೆಗೆ ಸಿಕ್ಕಿಸಿಕೊಳ್ಳೋಕೆ. ಹಿಡಿಕೆಗೆ ನೇತುಹಾಕಿ ನಡೆಯೋರೇ ಎಲ್ಲ. ಜಾರಿದಾಗ ದಾರ ಎಳೆದು, ಕೀ ಕಳಚಿ, ಬೆಲ್ಟು ನಿಲ್ಲಬೇಕು. ಕ್ಲಿಪ್ಪು ಹಿಡಿಕೆಯಲ್ಲೇ ಇದ್ದರೆ ನೀನು ಬಿದ್ದರೂ ಬೆಲ್ಟು ಓಡ್ತಾನೇ ಇರುತ್ತೆ. ನಿಮ್ಮತ್ತೆಯವರು ಸೀರೆ ಉಡೋರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಸ್ವಲ್ಪ ಮೇಲೆತ್ತಿ ಉಟ್ಟು ಹತ್ತಲಿ. ನೀನೂ ವೇಲು ತೆಗೆದಿಟ್ಟು ಹತ್ತು. ಪಂಚೆ, ಲುಂಗಿ, ಚಪ್ಪಲಿ, ಬರಿಗಾಲು ಯಾವುದೂ ಬೇಡ. ಮನೆಯೊಳಗೆ ಶೂ ಯಾಕೆ ಅಂತ ಅವರು ಕೇಳ್ತಾರೆ, ಬೀದಿಗೆ ಹಾಕದ ಒಂದು ಜೊತೆಯನ್ನು ಇದಕ್ಕೇ ಅಂತ ಎತ್ತಿಡು.

• ಎಣ್ಣೆ ವಿಷಯಕ್ಕೆ ಬರೋಣ. ಬೆಲ್ಟಿನ ಕೆಳಗೆ, ಹಲಗೆ ಮೇಲೆ, ಸಿಲಿಕೋನ್ ಎಣ್ಣೆ ಹಾಕಬೇಕು. ಅದೊಂದೇ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಬಾಗಿಲ ಕೀಲಿಗೆ ಹೊಡೆಯೋ ಸ್ಪ್ರೇ ಯಾವುದೂ ಆಗಲ್ಲ, ಬೆಲ್ಟು ಹಾಳಾಗುತ್ತೆ. ಮೂವರು ನಡೆಯೋ ಮನೆಗೆ ಎರಡು ಮೂರು ತಿಂಗಳಿಗೊಮ್ಮೆ. ಹಾಕೋ ಹೊತ್ತು ಬಂತಾ ಅಂತ ತಿಳಿಯೋಕೆ ಪ್ಲಗ್ಗು ಕಿತ್ತು, ಬೆಲ್ಟಿನ ಅಂಚು ಎತ್ತಿ, ಒಳಗೆ ಮಧ್ಯದವರೆಗೆ ಕೈ ಹಾಕಿ ಸವರು. ಬೆರಳಿಗೆ ಜಿಡ್ಡು ತಾಗಿದರೆ ಇನ್ನೂ ಇದೆ. ಒಣಗಿ ಕಪ್ಪು ಪುಡಿ ಬಂದರೆ ತಡವಾಗಿದೆ. ಹಾಕೋದು ಬಾಟಲಿಗಟ್ಟಲೆ ಅಲ್ಲ, ಕೈಪಿಡಿಯಲ್ಲಿ ಹೇಳಿದಷ್ಟೇ. ಹಾಕಿ ಎರಡು ನಿಮಿಷ ಖಾಲಿ ಓಡಿಸಿದರೆ ಹರಡಿಕೊಳ್ಳುತ್ತೆ.

• ಬೆಲ್ಟು ಒಂದು ಪಕ್ಕಕ್ಕೆ ಸರಿದರೆ ಗಾಬರಿ ಬೇಡ. ಹಿಂದುಗಡೆ ಎರಡು ಮೂಲೆಯಲ್ಲೂ ಬೋಲ್ಟ್ ಇರುತ್ತೆ, ಅದರ ಅಲೆನ್ ಕೀ ಯಂತ್ರದ ಜೊತೆಗೇ ಬರುತ್ತೆ. ಬೆಲ್ಟು ಯಾವ ಪಕ್ಕಕ್ಕೆ ಸರಿದಿದೆಯೋ ಆ ಪಕ್ಕದ ಬೋಲ್ಟನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಒಂದು ನಿಮಿಷ ಖಾಲಿ ಓಡಿಸಿ ನೋಡು. ಸಾಲದಿದ್ದರೆ ಇನ್ನೊಂದು ಕಾಲು ಸುತ್ತು. ಒಂದೇ ಸಲ ಪೂರ್ತಿ ಬಿಗಿದರೆ ರೋಲರಿನ ಬೇರಿಂಗು ಕೂಗೋಕೆ ಶುರು. ಅಲೆನ್ ಕೀಯನ್ನು ಈಗಲೇ ಒಂದು ದಾರದಲ್ಲಿ ಹಿಡಿಕೆಗೆ ಕಟ್ಟಿಬಿಡು, ಬೇಕಾದ ದಿನ ಸಿಗೋದೇ ಇಲ್ಲ.

• ಕರೆಂಟೇ ಬೇಡದ, ಕಾಲಲ್ಲೇ ತಳ್ಳಿ ತಿರುಗಿಸೋದು ಹತ್ತು ಸಾವಿರಕ್ಕೆ ಸಿಗುತ್ತೆ ಅಂತ ಅಳಿಯಂದಿರು ಹೇಳಿದರಂತೆ. ಮಂಡಿ ನೋವಿರೋ ಮನೆಗೆ ಖಂಡಿತ ಬೇಡ.

• ಸೆಕೆಂಡ್ ಹ್ಯಾಂಡ್ ಅಂದರೆ ನಾನು ಅರ್ಧ ಒಪ್ಪುತ್ತೇನೆ. ಆರಂಭಶೂರರ ಮನೆಯಿಂದ ಎಷ್ಟೋ ಯಂತ್ರಗಳು ಸವೆಯದೆ ಹೊರಗೆ ಬರ‍್ತವೆ. ಹೊಸ ಅಗ್ಗದ್ದರ ದುಡ್ಡಿಗೆ ಹಳೇ ಒಳ್ಳೇದು ಸಿಗಬಹುದು. ನೋಡೋಕೆ ಹೋಗೋವಾಗ ಅಳಿಯಂದಿರನ್ನು ಕರಕೊಂಡು ಹೋಗು. ಅವರು ಹತ್ತಿ ಕಮ್ಮಿ ವೇಗದಲ್ಲಿ ನಡೆಯಲಿ, ಹೆಜ್ಜೆ ಊರಿದಾಗೆಲ್ಲ ಬೆಲ್ಟು ತಡೆದು ತಡೆದು ಹೋದರೆ ಬಿಟ್ಟುಬಿಡು. ಹತ್ತು ನಿಮಿಷ ಓಡಿದ ಮೇಲೆ ಮುಂದಿನ ಕವರಿನ ಹತ್ತಿರ ಮೂಗು ಹಿಡಿ, ಸುಟ್ಟ ವಾರ್ನಿಶ್ ವಾಸನೆ ಬಂದರೆ ಅದನ್ನೂ ಬಿಡು. ಕಂಪನಿ ಈಗಲೂ ಇದೆಯಾ, ಅದರ ಬೋರ್ಡು ಸಿಗುತ್ತಾ ಅಂತ ನೋಡದೆ ದುಡ್ಡು ಕೊಡಬೇಡ.

• ನಿಮ್ಮ ಮನೆ ಮುಂದೆಯೇ ಪಾರ್ಕಿದೆ. ಬೆಳಿಗ್ಗೆ ಅಲ್ಲಿಗೆ ಹೋಗೋಕೆ ಏನು ಅಡ್ಡಿ ಅಂತ ಪ್ರಾಮಾಣಿಕವಾಗಿ ಯೋಚಿಸು. ಮಗು ಏಳುತ್ತೆ, ಮಳೆ, ನಾಯಿ ಕಾಟ, ಆಫೀಸಿನ ರಾತ್ರಿ ಕಾಲ್ ಅಂದರೆ ಯಂತ್ರ ಬೇಕು, ತಗೋ. ಬರೀ ಸೋಮಾರಿತನ ಅಂದರೆ ಅದು ಮನೆಯೊಳಗೂ ಬರುತ್ತೆ.

• ತಗೊಳ್ಳೋದು ಅಂತ ನಿರ್ಧಾರ ಆದರೆ, ಆರ್ಡರ್ ಮಾಡೋ ಮುಂಚೆ ಒಂದು ಭಾನುವಾರ ಕ್ರೀಡಾ ಸಾಮಾನಿನ ದೊಡ್ಡ ಅಂಗಡಿಗೆ ಮೂವರೂ ಶೂ ಹಾಕಿಕೊಂಡು ಹೋಗಿ. ಹತ್ತಿ ಐದೈದು ನಿಮಿಷ ನಡೆದು ನೋಡಿ. ಕೊಳ್ಳೋದು ಎಲ್ಲಾದರೂ ಕೊಳ್ಳಿ. ಕಾಲಿಗೆ ತಿಳಿಯೋದು ಫೋಟೊದಲ್ಲಿ ತಿಳಿಯಲ್ಲ.

• ಡಬ್ಬ ಬಂದ ದಿನ ಒಡೆಯೋ ಮೊದಲೇ ಫೋನಿನಲ್ಲಿ ವಿಡಿಯೊ ಶುರು ಮಾಡು. ಮೂಲೆ ಜಜ್ಜಿದೆಯಾ, ಹಿಡಿಕೆ ಬಾಗಿದೆಯಾ, ಕೀ, ಎಣ್ಣೆ ಬಾಟಲಿ, ಅಲೆನ್ ಕೀ ಎಲ್ಲ ಬಂದಿದೆಯಾ ಅಂತ ತೋರಿಸಿಕೊಂಡೇ ಬಿಚ್ಚು. ಅವತ್ತೇ ಮೂವರೂ ಹತ್ತಿ ನಡೆದುಬಿಡಿ, ವಾಪಸು ಕೊಡೋ ಅವಧಿ ಕೆಲವೇ ದಿನ ಇರುತ್ತೆ. ಆ ಅವಧಿ ಮುಗಿಯೋವರೆಗೆ ರಟ್ಟಿನ ಡಬ್ಬ, ಥರ್ಮಾಕೋಲು ಯಾವುದನ್ನೂ ಎಸೆಯಬೇಡ. ಡಬ್ಬ ಇಲ್ಲದೆ ವಾಪಸು ತಗೊಳ್ಳಲ್ಲ ಅಂತಾರೆ. ಬಿಲ್ಲನ್ನು ಫೋಟೊ ತೆಗೆದು ನನಗೂ ಒಂದು ಕಳಿಸು. ಕೆಟ್ಟದ್ದು ಕೊಟ್ಟು ಕಂಪನಿಯವರು ಫೋನು ಎತ್ತದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡು, ಕನ್ನಡದಲ್ಲೇ ದೂರು ಹೇಳಬಹುದು.